ಡೊಂಬಿವಲಿ ಪಾಸು, ಮೋಟರ್‌ಮನ್ ಸೀಟು

ಡೊಂಬಿವಲಿಯಲ್ಲಿ ಸೆಕೆಂಡ್ ಕ್ಲಾಸ್ ಪಾಸ್ ಹಿಡಿದು ಹತ್ತಿದವನು ಠಾಣೆ ಬರುವಷ್ಟರಲ್ಲಿ ಮೋಟರ್‌ಮನ್ ಸೀಟಿನಲ್ಲಿ ಕೂತಿದ್ದರೆ ಹೇಗಿದ್ದೀತು? ಕಂಪ್ಯೂಟರಿನ ದೋಷಗಳಲ್ಲಿ ನನಗೆ ರುಚಿಸುವುದು ಈ ಜಾತಿಯವು. ಬಾಗಿಲು ಮುರಿದು ನುಗ್ಗುವ ದೋಷಗಳಿಗೆ ಪತ್ರಿಕೆಯ ಮುಖಪುಟ ಇದ್ದೇ ಇದೆ. ಸಾಮಾನ್ಯ ಬಳಕೆದಾರನಾಗಿ ಒಳಗೆ ಬಂದು ಸದ್ದಿಲ್ಲದೆ ಯಜಮಾನನಾಗುವುದರಲ್ಲಿ ಕಸುಬುದಾರಿಕೆಯಿದೆ.

ನನ್ನ ಮೆಚ್ಚಿನದು 'ಪ್ವನ್‌ಕಿಟ್'. ಲಿನಕ್ಸ್‌ನ ಪಿಕೆಎಕ್ಸೆಕ್ ಎಂಬ ಪುಟ್ಟ ಪ್ರೋಗ್ರಾಂ ಯಾರು ಕರೆದರೂ ರೂಟ್, ಅಂದರೆ ಯಜಮಾನನ ಅಧಿಕಾರದಲ್ಲೇ ಓಡುತ್ತದೆ. ಯಾವ ಕಮಾಂಡ್ ಬೇಕೆಂದು ಕೇಳಿ, ಅನುಮತಿ ಇದ್ದರೆ ನಡೆಸಿಕೊಡುವುದು ಅದರ ಕೆಲಸ. ಕರೆದವರು ಏನನ್ನಾದರೂ ಕೊಟ್ಟೇ ಕೊಡುತ್ತಾರೆಂದು ಬರೆದವರು ನಂಬಿದ್ದರು. ಕರೆಯುವಾಗ ಕೊಡುವ ಪದಗಳ ಪಟ್ಟಿಯನ್ನೇ ಪೂರ್ತಿ ಖಾಲಿ ಬಿಟ್ಟರೋ? ಅದು ಪಟ್ಟಿಯ ಗಡಿ ದಾಟಿ, ಮೆಮೊರಿಯಲ್ಲಿ ಪಕ್ಕಕ್ಕೇ ಇರುವ, ಪ್ರೋಗ್ರಾಂಗೆ ಸೂಚನೆ ಕೊಡುವ ಎನ್ವಿರಾನ್‌ಮೆಂಟ್ ವೇರಿಯಬಲ್ ಓದುತ್ತಿತ್ತು. ಓದಿದ್ದನ್ನು ತಿದ್ದಿ ಅಲ್ಲೇ ಬರೆಯುತ್ತಿತ್ತು. ಅಪಾಯಕಾರಿಯೆಂದು ಸಿಸ್ಟಮ್ ಮೊದಲೇ ಹೊರಹಾಕುವಂಥ ವೇರಿಯಬಲ್ ಹೀಗೆ ಹಿಂಬಾಗಿಲಿಂದ ಮರಳಿತೆಂದರೆ ಕಥೆ ಮುಗಿಯಿತು, ದಾಳಿಕೋರನೇ ರೂಟ್. 2009ರಿಂದ ಇದ್ದ ಈ ದೋಷವನ್ನು ಕ್ವಾಲಿಸ್ ಸಂಸ್ಥೆಯವರು ಬಯಲಿಗೆಳೆದದ್ದು 2022ರ ಜನವರಿಯಲ್ಲಿ. ತೀವ್ರತೆಗೆ ಸಿಕ್ಕ ಅಂಕ ಹತ್ತಕ್ಕೆ 7.8. ನಾನಾಗಿದ್ದರೆ ಒಂಬತ್ತು ಕೊಡುತ್ತಿದ್ದೆ.

ನಮ್ಮ ನವಿಮುಂಬಯಿ ಕಡೆಯ ಪ್ರಕರಣಕ್ಕೆ ಇಷ್ಟು ನಾಜೂಕು ಬೇಕಾಗಲಿಲ್ಲ. 2017ರ ಜೂನ್ 27ರಂದು ನ್ಹಾವಾ ಶೇವಾ ಬಂದರಿನಲ್ಲಿ, ಡೆನ್ಮಾರ್ಕಿನ ಮಾಯರ್ಸ್ಕ್ ಬಳಗದ ಎಪಿಎಂ ನಡೆಸುತ್ತಿದ್ದ ಟರ್ಮಿನಲ್ಲಿನ ಕಂಪ್ಯೂಟರುಗಳು ಕೈಕೊಟ್ಟವು. ಕಂಟೇನರುಗಳ ಲೆಕ್ಕ ಕೈಬರಹಕ್ಕೆ ಬಂತು. ಉಕ್ರೇನಿನ ಎಂ.ಇ.ಡಾಕ್ ಎಂಬ ಲೆಕ್ಕಪತ್ರ ತಂತ್ರಾಂಶದ ಅಪ್‌ಡೇಟ್ ಜತೆ ಹೊರಟಿದ್ದ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶದ ಕೆಲಸವಿದು. ಅದು ಬಳಸಿದ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಪ್ಯಾಚ್ ಕೊಟ್ಟಿತ್ತು. ಪ್ಯಾಚ್ ಹಾಕಿಕೊಂಡ ಯಂತ್ರಗಳೂ ಯಾಕೆ ಬಿದ್ದವು? ಅಡ್ಮಿನ್ ಅಧಿಕಾರ ಸಿಕ್ಕ ಕಡೆ ಅದು ಮೆಮೊರಿಯಿಂದ ಪಾಸ್‌ವರ್ಡ್ ಹೆಕ್ಕಿಕೊಂಡು ಪಕ್ಕದ ಯಂತ್ರಕ್ಕೆ ಹೋಗುತ್ತಿತ್ತು. ಬಂದವರು ಅಡ್ಮಿನ್ ಸಾಹೇಬರೇ ಎಂದು ಆ ಯಂತ್ರ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಮಾಯರ್ಸ್ಕ್ ಆಮೇಲೆ 45,000 ಪಿಸಿ, 4,000 ಸರ್ವರುಗಳನ್ನು ಹೊಸದಾಗಿ ಅಣಿಗೊಳಿಸಬೇಕಾಯಿತು.

ಕಲ್ಯಾಣ್, ಡೊಂಬಿವಲಿಯಿಂದ ಐರೋಲಿ, ಮಹಾಪೆಗೆ ದುಡಿಯಲು ಹೋಗುವ ಓದುಗರೇ, ನಾಳೆ ನಿಮ್ಮ ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದು ನೋಡಿ. ಹೆಸರಿನ ಕೆಳಗೆ 'ಅಡ್ಮಿನಿಸ್ಟ್ರೇಟರ್' ಎಂದಿದ್ದರೆ, ದಿನದ ಕೆಲಸಕ್ಕೆ ಬೇರೆ ಸಾಮಾನ್ಯ ಅಕೌಂಟ್ ಕೇಳಿ ಪಡೆಯಿರಿ. ಮನೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ನೀವೇ ಮಾಡಿಕೊಳ್ಳಬಹುದು.