ಸುಕನಾಸಿ: ಒಂದು ವಾಸ್ತುಶಬ್ದದ ಅರ್ಥವಿಚಾರ

ಕರ್ಣಾಟಕದ ದೇವಾಲಯಗಳ ವರ್ಣನೆಗಳನ್ನು ಓದಿದವರಿಗೆ ಗರ್ಭಗೃಹ, ಸುಕನಾಸಿ, ನವರಂಗ, ಮುಖಮಂಟಪ ಎಂಬ ನಾಲ್ಕು ಮಾತುಗಳ ಸಾಲು ಚಿರಪರಿಚಿತವಾದುದು. ಇವುಗಳಲ್ಲಿ ಮೂರರ ಅರ್ಥದಲ್ಲಿ ಸಂದೇಹಕ್ಕೆಡೆಯಿಲ್ಲ. ಎರಡನೆಯದು ಮಾತ್ರ ಒಬ್ಬರ ಬರಹದಲ್ಲಿ ಕಾಲಿಟ್ಟು ನಡೆಯುವ ನೆಲವಾಗಿಯೂ ಇನ್ನೊಬ್ಬರ ಬರಹದಲ್ಲಿ ಕತ್ತೆತ್ತಿ ನೋಡಬೇಕಾದ ಶಿಲ್ಪವಾಗಿಯೂ ಇರುವುದು. ಒಂದೇ ಶಬ್ದವು ಹೀಗೆ ಎರಡು ವಸ್ತುಗಳಿಗೆ ಹೆಸರಾಗಿರುವುದರಿಂದ ದೇವಾಲಯಗಳ ಇತಿಹಾಸದಲ್ಲಿ ತಪ್ಪು ತಿಳಿವಳಿಕೆಗೆ ದಾರಿಯಾಗಿದೆ.

ಸಮೀಪದ ನಿದರ್ಶನವೊಂದನ್ನು ತೆಗೆದುಕೊಳ್ಳಬಹುದು. ತುಂಗೆಯೂ ಭದ್ರೆಯೂ ಕೂಡಿ ಒಂದಾದ ಹೊಳೆಯು ಕೂಡಲಿಯಿಂದ ಹೊನ್ನಾಳಿಯ ಕಡೆಗೆ ಹರಿಯುವ ಸೀಮೆಯಲ್ಲಿ ಸಾಸ್ವೆಹಳ್ಳಿಯಿದೆ. ಅಲ್ಲಿಂದ ಹೊಳೆಯ ಮೇಲ್ಮೊಗವಾಗಿ ಹೋದರೆ ಸಿಕ್ಕುವ ಕೂಡಲಿಯ ರಾಮೇಶ್ವರ ದೇವಾಲಯವು ಹೊಯ್ಸಳರ ಕಾಲದ್ದು. ಅದರ ಗರ್ಭಗೃಹಕ್ಕೂ ನಡುವಣ ಮಂಟಪಕ್ಕೂ ಮಧ್ಯೆ ಒಂದು ಕಿರಿದಾದ ಎಡೆಯಿದೆ. ಆ ಎಡೆಯ ಮೇಲೆ, ಹೊರಗಡೆ, ಶಿಖರದ ಮುಂಭಾಗದಿಂದ ಚಾಚಿಕೊಂಡ ಗೋಪುರದ ತುಂಡೊಂದಿದ್ದು, ಅದರ ನೆತ್ತಿಯಲ್ಲಿ ಸಳನು ಸಿಂಹವನ್ನಿರಿಯುವ ಲಾಂಛನವನ್ನು ನಿಲ್ಲಿಸಿದ್ದಾರೆ. ಮೈಸೂರು ಪ್ರಾಕ್ತನ ವಿಮರ್ಶೆಯ ವರದಿಗಳ ಪರಿಭಾಷೆಯಂತೆ ಒಳಗಣ ಎಡೆಯೇ ಸುಕನಾಸಿ. ಶಿಲ್ಪಶಾಸ್ತ್ರದ ಪರಿಭಾಷೆಯಂತೆ ಮೇಲಣ ಚಾಚುವಿಕೆಯೇ ಸುಕನಾಸಿ. ಎರಡಕ್ಕೂ ನಡುವೆ ಇರುವುದು ಒಂದು ಮಾಳಿಗೆಯ ದಪ್ಪ ಮಾತ್ರ.

ಮೂಲಾರ್ಥವು ಯಾವುದೆಂಬುದರಲ್ಲಿ ವಿವಾದವಿರಲಾರದು. ‘ಶುಕನಾಸಾ’ ಎಂದರೆ ಗಿಳಿಯ ಮೂಗು. ಸಂಸ್ಕೃತದಲ್ಲಿ ಈ ಶಬ್ದವು ವಾಸ್ತುವಿಗೆ ಮಾತ್ರ ಮೀಸಲಾದುದಲ್ಲ. ಅಮರಸಿಂಹನು ಶ್ಯೋನಾಕವೃಕ್ಷದ ಹೆಸರುಗಳಲ್ಲಿ ‘ಶುಕನಾಸ’ವನ್ನೂ ಸೇರಿಸಿದ್ದಾನೆ. ಬಾಣನ ಕಾದಂಬರಿಯಲ್ಲಿ ತಾರಾಪೀಡನ ಮಂತ್ರಿಗೆ ಇದೇ ಹೆಸರು. ನಾಗವರ್ಮನ ಕರ್ಣಾಟಕ ಕಾದಂಬರಿಯ ಮೂಲಕ ಆ ಮಂತ್ರಿಯು ಕನ್ನಡಿಗರಿಗೂ ಪರಿಚಿತನಾದನು. ಮರವಾಗಲಿ ಮಂತ್ರಿಯಾಗಲಿ ಶಿಖರವಾಗಲಿ, ಹೆಸರಿಗೆ ಕಾರಣವಾದುದು ಬಾಗಿ ಮುಂಚಾಚಿದ ಆಕಾರವೇ ಆಗಿರಬೇಕು. ದೇವಾಲಯವನ್ನು ಪಕ್ಕದಿಂದ ನೋಡಿದವರಿಗೆ ಶಿಖರವು ಒಂದು ಮುಖದಂತೆಯೂ ಈ ಭಾಗವು ಅದರ ಮೂಗಿನಂತೆಯೂ ತೋರುವುದು ಸಹಜ. ದಕ್ಷಿಣದ ಶಾಸ್ತ್ರಗ್ರಂಥಗಳಲ್ಲಿ ಶಿಖರದ ಮೇಲಣ ಕಮಾನುಗೂಡುಗಳಿಗೂ ‘ನಾಸಿ’, ‘ನಾಸಿಕಾ’ ಎಂದೇ ಹೆಸರು.

ಈ ಹೆಸರು ಒಂಟಿಯಾಗಿ ಹುಟ್ಟಿದುದಲ್ಲ. ದೇವಾಲಯವನ್ನು ಪುರುಷಶರೀರವೆಂದು ಭಾವಿಸುವ ಸಂಪ್ರದಾಯದಲ್ಲಿ ಪಾದ, ಜಂಘೆ, ಸ್ಕಂಧ, ಗ್ರೀವೆ ಮುಂತಾದ ಅಂಗಗಳ ಹೆಸರುಗಳೆಲ್ಲವೂ ಕಟ್ಟಡದ ಮೇಲೆ ಬಂದು ಕುಳಿತಿವೆ. ಅಗ್ನಿಪುರಾಣವು ದೇವಾಲಯವನ್ನು ವಾಸುದೇವನ ಮೂರ್ತಿಯೆಂದು ವರ್ಣಿಸುವಲ್ಲಿ ಬಾಗಿಲನ್ನು ಮುಖವೆಂದೂ ಶುಕನಾಸೆಯನ್ನು ಮೂಗೆಂದೂ ಒಳಗಣ ಪ್ರತಿಮೆಯನ್ನು ಜೀವವೆಂದೂ ಹೇಳುತ್ತದೆ. ಕನ್ನಡದ ದೇಸಿಯೂ ಇದಕ್ಕೆ ಹೊರಗಲ್ಲ. ‘ಬಾಗಿಲು’ ಎಂಬುದನ್ನು ತಮಿಳಿನ ‘ವಾಯಿಲ್’ ಶಬ್ದದೊಡನೆ ಹೋಲಿಸಿ ಮನೆಯ ಬಾಯಿ ಎಂದು ಬಿಡಿಸುವರು. ‘ಮೊಗಸಾಲೆ’ಯಲ್ಲಿ ಮೊಗವು ಸ್ಪಷ್ಟವಾಗಿಯೇ ಇದೆ. ದೇಹವನ್ನು ದೇಗುಲವಾಗಿ ಕಂಡ ಬಸವಣ್ಣನವರ ಪ್ರಸಿದ್ಧ ವಚನದಲ್ಲಿ ಕಾಲಿಗೂ ತಲೆಗೂ ಸ್ಥಾನ ದೊರೆತಿದೆ, ಮೂಗಿಗೆ ಮಾತ್ರ ದೊರೆತಿಲ್ಲ. ಉಳ್ಳವರ ಶಿವಾಲಯಗಳ ಶುಕನಾಸಗಳು ಆ ಕಾಲದ ಕಣ್ಣಿಗೆ ಬೀಳದಿದ್ದುವೇನಲ್ಲ.

ಹೀಗೆ ಮೇಲಿದ್ದ ಮೂಗು ಕೆಳಗಿನ ಕೋಣೆಯಾದುದು ಹೇಗೆ? ಮೇಲಣದರ ಹೆಸರು ಅದರಡಿಯ ಸ್ಥಳಕ್ಕೆ ಸಲ್ಲುವುದು ಭಾಷೆಯಲ್ಲಿ ಅಪೂರ್ವವಲ್ಲ. ಇದು ಶುದ್ಧವಾದ ಲಕ್ಷಣಾವೃತ್ತಿ. ಪೂಜೆಗೆ ನಿಂತವನಿಗೆ ಶಿಖರದ ಮೂಗು ಕಾಣದು, ಅದರ ಅಡಿಯ ಎಡೆಯಾದರೋ ದಿನದಿನವೂ ಬಳಕೆಗೆ ಬರುವುದು. ಹೆಸರು ಬಳಕೆಯಿರುವ ಕಡೆಗೆ ಇಳಿಯಿತು.

ಇದಕ್ಕಿಂತ ಸ್ವಾರಸ್ಯವುಳ್ಳುದು ಶಬ್ದರೂಪದ ವಿಚಾರ. ಆರ್. ನರಸಿಂಹಾಚಾರ್ಯರು 1906ರಿಂದ 1922ರವರೆಗೆ ಮೈಸೂರಿನ ಪ್ರಾಕ್ತನ ಇಲಾಖೆಯನ್ನು ನಡೆಯಿಸಿದ ಕಾಲದ ವರದಿಗಳಲ್ಲಿ ಈ ಮಾತು ‘ಸುಖನಾಸಿ’ ಎಂದು ಅಚ್ಚಾಗಿದೆ. ಮಹಾಪ್ರಾಣವು ಎಲ್ಲಿಂದ ಬಂದಿತು? ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಹೇಳುವ ತದ್ಭವನಿಯಮಗಳನ್ನು ನೆನೆದರೆ ಉತ್ತರವು ದೊರೆಯುತ್ತದೆ. ಶಕಾರವು ಸಕಾರವಾಗುವುದರಿಂದ ‘ಶುಕ’ವು ‘ಸುಕ’ವಾಗುವುದು, ಮಹಾಪ್ರಾಣವು ಅಲ್ಪಪ್ರಾಣವಾಗುವುದರಿಂದ ‘ಸುಖ’ವೂ ‘ಸುಕ’ವೇ ಆಗುವುದು. ಎರಡು ಬೇರೆ ಶಬ್ದಗಳು ಕನ್ನಡಿಗರ ಬಾಯಲ್ಲಿ ಒಂದೇ ರೂಪವನ್ನು ತಾಳಿದುವು. ಬಳಿಕ ‘ಸುಕನಾಸಿ’ಯನ್ನು ಕೇಳಿ ಶುದ್ಧಮಾಡಿ ಬರೆಯಹೊರಟವನ ಮುಂದೆ ಎರಡು ದಾರಿಗಳಿದ್ದುವು. ಕಣ್ಣೆದುರಿಗೆ ಗಿಳಿಯ ಮೂಗಿಲ್ಲದೆ ತಂಪಾದ ಕೋಣೆಯೊಂದು ಇದ್ದುದರಿಂದ ಅವನು ಸುಖದ ದಾರಿಯನ್ನೇ ಹಿಡಿದನು. ಅರ್ಥವು ಕೆಳಗಿಳಿದುದರಿಂದಲೇ ಅಕ್ಷರವೂ ಕೆಟ್ಟಿತೆನ್ನಬೇಕು. ‘ಸುಖದ ಮೂಗು’ ಎಂಬುದಕ್ಕೆ ಅರ್ಥವಿಲ್ಲ. ಇನ್ನೊಂದು ಹೆಜ್ಜೆ ಮುಂದುವರಿದು ಸಕಾರವನ್ನೂ ‘ತಿದ್ದಿ’ದರೆ ‘ಸುಖನಾಶಿ’ಯಾಗುವುದು, ದೇವರ ಎದುರಿನ ಎಡೆಗೆ ಇದಕ್ಕಿಂತ ಅಮಂಗಳವಾದ ಹೆಸರು ಬೇಕಿಲ್ಲ.

ನರಸಿಂಹಾಚಾರ್ಯರಂತಹ ಮಹಾವಿದ್ವಾಂಸರು ಈ ರೂಪವನ್ನೇಕೆ ಉಳಿಸಿಕೊಂಡರೆಂದು ಆಶ್ಚರ್ಯಪಡಬೇಕಾಗಿಲ್ಲ. ದೇವಾಲಯಗಳಲ್ಲಿ ರೂಢಿಯಲ್ಲಿದ್ದ ಮಾತನ್ನು ಹಾಗೆಯೇ ಹಿಡಿದಿಡುವುದು ಕ್ಷೇತ್ರಕಾರ್ಯದಲ್ಲಿ ದೋಷವಲ್ಲ, ಗುಣ. ಆದರೆ ಅವರ ಸೋಮನಾಥಪುರದ (1917) ಮತ್ತು ಬೇಲೂರಿನ (1919) ಗ್ರಂಥಗಳ ಪ್ರಾಮಾಣ್ಯದಿಂದ ರೂಢಿಯ ಮಾತು ಶಾಸ್ತ್ರದ ಮಾತಿನ ಪೀಠವನ್ನೇರಿತು. ಅನಂತರದವರು ವಿಚಾರಿಸದೆ ಅನುಸರಿಸಿದರು. ತೊಂದರೆಯು ಅಲ್ಲಿಂದ ಮೊದಲಾಗುತ್ತದೆ.

ಪಟ್ಟದಕಲ್ಲಿನಲ್ಲಿ ಇದರ ಪರೀಕ್ಷೆ ಚೆನ್ನಾಗಿ ನಡೆಯುವುದು. ಚಾಳುಕ್ಯ ವಿಜಯಾದಿತ್ಯನ (696–733) ಸಂಗಮೇಶ್ವರದಲ್ಲಿ ಗರ್ಭಗೃಹದ ಮುಂದೆ ಎಡೆಯುಂಟು. ವಿಮಾನದ ಮೇಲೆ ಶುಕನಾಸವಿಲ್ಲ. ಕೆಲವೇ ವರ್ಷಗಳ ಬಳಿಕ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಕಟ್ಟಿಸಿದ ವಿರೂಪಾಕ್ಷದಲ್ಲಿ ಶುಕನಾಸವು ಕಾಣಿಸಿಕೊಳ್ಳುತ್ತದೆ. ದ್ರಾವಿಡರೀತಿಯ ವಿಮಾನಕ್ಕೆ ಹೊಸ ಅಂಗವೊಂದು ಕೂಡಿದ ಈ ಘಟನೆಯು ಕರ್ಣಾಟಕದ ಶಿಲ್ಪದ ಬೆಳೆವಣಿಗೆಯಲ್ಲಿ ಸಾಮಾನ್ಯವಾದುದಲ್ಲ. ಕೋಣೆಯನ್ನೇ ಸುಕನಾಸಿಯೆಂದು ಕರೆದರೆ ಎರಡು ದೇವಾಲಯಗಳಲ್ಲಿಯೂ ‘ಸುಕನಾಸಿ’ಯಿದೆಯೆಂದು ಬರೆಯಬೇಕಾಗುತ್ತದೆ, ಆ ವ್ಯತ್ಯಾಸವು ವರ್ಣನೆಯಲ್ಲಿ ಮುಳುಗಿಹೋಗುತ್ತದೆ. ಬೇಲೂರಿನಲ್ಲಿ ಇದರ ವಿಪರ್ಯಯವನ್ನು ಕಾಣಬಹುದು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಕೇಶವದೇವಾಲಯದ ಗೋಪುರವನ್ನು 19ನೆಯ ಶತಮಾನದಲ್ಲಿ ಇಳಿಸಿಬಿಟ್ಟರು. ಮೇಲೆ ಏನೂ ಉಳಿಯದ ಆ ದೇವಾಲಯಕ್ಕೂ ಗ್ರಂಥದಲ್ಲಿ ಸುಖನಾಸಿಯುಂಟು! ಸ್ಥಳವನ್ನು ನೋಡದೆ ಗ್ರಂಥವನ್ನು ಮಾತ್ರ ಓದಿದವನು ಇಲ್ಲದ ಮೂಗನ್ನು ಇದೆಯೆಂದು ಎಣಿಸಿದರೆ ತಪ್ಪು ಅವನದಲ್ಲ.

ಇಂಗ್ಲಿಷ್ ವರದಿಗಳು ಈ ಕೋಣೆಗೆ ‘ವೆಸ್ಟಿಬ್ಯೂಲ್’ ಎಂಬ ಪರ್ಯಾಯವನ್ನು ಕೊಟ್ಟಿರುವುದರಲ್ಲಿ ಒಂದು ವಿನೋದವಿದೆ. ಲ್ಯಾಟಿನ್ನಿನ ‘ವೆಸ್ಟಿಬ್ಯೂಲಂ’ ರೋಮನರ ಮನೆಯ ಬಾಗಿಲ ಮುಂದಣ ಎಡೆ. ಐರೋಪ್ಯ ಅಂಗರಚನಾಶಾಸ್ತ್ರಜ್ಞರು ಅದನ್ನು ದೇಹದೊಳಕ್ಕೆ ಕೊಂಡೊಯ್ದು, ಒಳಗಿವಿಯ ನಡುವಣ ಕುಹರಕ್ಕೂ ಮೂಗಿನ ಹೊಳ್ಳೆಯ ಒಳಗೆ ಕೂದಲು ಬೆಳೆಯುವ ಭಾಗಕ್ಕೂ ಹೆಸರಾಗಿಟ್ಟರು. ಅಲ್ಲಿ ಮನೆಯ ಮಾತು ಮೂಗನ್ನು ಸೇರಿತು. ಇಲ್ಲಿ ಮೂಗಿನ ಮಾತು ಮನೆಯನ್ನು ಸೇರಿತು. ಮೈಸೂರಿನ ವರದಿಗಳಲ್ಲಿ ಇವೆರಡೂ ಪರಸ್ಪರ ಪರ್ಯಾಯಗಳಾಗಿ ಸಂಧಿಸಿದುವು.

ಈಚಿನ ವಿದ್ವಾಂಸರಲ್ಲಿ ಮೂಲಾರ್ಥಕ್ಕೆ ಮತ್ತೆ ಮನ್ನಣೆ ದೊರೆತಿದೆ. ಎಂ. ಎ. ಢಾಕಿಯವರೂ ಮೈಕೇಲ್ ಮೈಸ್ಟರ್ ಅವರೂ ಸಂಪಾದಿಸಿದ ಭಾರತೀಯ ದೇವಾಲಯವಾಸ್ತುವಿನ ವಿಶ್ವಕೋಶದಲ್ಲಿ ಶುಕನಾಸವು ಶಿಖರದ ಅಂಗವೇ ಆಗಿದೆ. ಜೆರಾರ್ಡ್ ಫೂಕೆಮಾ ಅವರು ಹೊಯ್ಸಳ ದೇವಾಲಯಗಳ ಕೈಪಿಡಿಯಲ್ಲಿ (1996) ಅದನ್ನು ಮೂಗೆಂದೇ ಕರೆದಿದ್ದಾರೆ. ಇದು ಯುಕ್ತವಾದುದು. ಆದರೆ ಇದನ್ನೇ ಹಿಡಿದು ಬಳಕೆಯ ‘ಸುಕನಾಸಿ’ಯನ್ನು ಅಜ್ಞಾನವೆಂದು ತಳ್ಳುವುದು ಅತಿರೇಕ. ಲಕ್ಷಣೆಯಿಂದ ಬಂದ ಅರ್ಥವೂ ಅರ್ಥವೇ. ಅರ್ಚಕರು ಹಾಗೆ ಹೇಳಿದರೆ ನಿಘಂಟುವು ಅದನ್ನು ಎರಡನೆಯ ಅರ್ಥವಾಗಿ ಬರೆದುಕೊಳ್ಳಬೇಕು. ತಳ್ಳಬೇಕಾದುದು ‘ಸುಖ’ವೊಂದನ್ನೇ.

ಹೊನ್ನಾಳಿ, ಚನ್ನಗಿರಿಗಳ ಸೀಮೆಯ ಗುಡಿಗಳನ್ನು ಹೊಸದಾಗಿ ವರ್ಣಿಸುವವರಿಗೆ ಈ ವಿವೇಚನೆ ವಿಶೇಷವಾಗಿ ಬೇಕಾಗಿದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಈ ತಾಲ್ಲೂಕುಗಳು ಶಿವಮೊಗ್ಗೆಗೆ ಸೇರಿದ್ದುವು. ರೈಸರು ಇಲ್ಲಿಯ ಶಾಸನಗಳನ್ನು 1902ರಲ್ಲಿ ಎಪಿಗ್ರಾಫಿಯಾ ಕರ್ಣಾಟಿಕದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದರು. ಹಳೆಯ ಮೈಸೂರಿನ ವರದಿಗಳನ್ನು ಕೈಯಲ್ಲಿ ಹಿಡಿದೇ ಇಲ್ಲಿ ಕೆಲಸ ಮಾಡಬೇಕು. ಒಳಗಣ ಎಡೆಗೆ ‘ಅಂತರಾಳ’ವೆಂದೂ ಮೇಲಣದಕ್ಕೆ ‘ಶುಕನಾಸ’ವೆಂದೂ ಬರೆದು, ಹಳೆಯ ವರದಿಯ ‘ಸುಖನಾಸಿ’ಯನ್ನು ಉದ್ಧರಣಚಿಹ್ನೆಯೊಳಗೆ ಉಳಿಸಿಕೊಂಡರೆ ಸಾಕು. ಶಿಖರವು ಬಿದ್ದುಹೋದ ಗುಡಿಯಲ್ಲಿ ಅಂತರಾಳದ ಮಾಳಿಗೆಯ ಮೇಲೆ ಹತ್ತಿ, ಚಾಚುವಿಕೆಯ ಬುಡದ ಕಲ್ಲುಗಳೇನಾದರೂ ಉಳಿದಿವೆಯೇ ಎಂಬುದನ್ನು ಬೇರೆಯಾಗಿ ಬರೆದಿಡಬೇಕು.