ಬೋಗಿಯ ಮೈಮೇಲಿನ ತಾರೀಖು

ಮೈಸೂರಿನ ಅಶೋಕಪುರಂ ಸ್ಟೇಷನ್ನಿನಲ್ಲಿ ಬಂದು ನಿಂತ ಯಾವ ರೈಲಾದರೂ ಸರಿ, ಎರಡು ಬೋಗಿಗಳು ಕೂಡುವ ಕಡೆ ಹೋಗಿ ತುದಿಗೋಡೆಯನ್ನು ನೋಡಿ. ಬಣ್ಣದಲ್ಲಿ ಬರೆದ ಒಂದಷ್ಟು ಅಕ್ಷರ, ಅಂಕಿ ಕಾಣುತ್ತವೆ. ಬೋಗಿ ಕಟ್ಟಿದ ವರ್ಷ, ಕಡೆಯ ಸಲ ಪಿಒಎಚ್ ಆದ ದಿನ, ಅದನ್ನು ಮಾಡಿದ ವರ್ಕ್‌ಶಾಪಿನ ಗುರುತು, ಮತ್ತೆ ವರ್ಕ್‌ಶಾಪಿಗೆ ಮರಳಬೇಕಾದ ದಿನ. ಪಿಒಎಚ್ ಎಂದರೆ ಅವಧಿಗೊಮ್ಮೆ ಬೋಗಿಯನ್ನು ಬಿಚ್ಚಿ, ಗಾಲಿ, ಬ್ರೇಕು, ಸ್ಪ್ರಿಂಗುಗಳನ್ನೆಲ್ಲ ತಪಾಸಣೆ ಮಾಡಿ, ಸವೆದದ್ದನ್ನು ಬದಲಿಸಿ, ಬಣ್ಣ ಬಳಿದು ಕಳಿಸುವ ಕೆಲಸ. ಸಂಸ್ಥಾನದ ಕಾಲದಲ್ಲಿ, 1920ರ ದಶಕದಲ್ಲಿ ಶುರುವಾದ ಅಶೋಕಪುರಂನ ರೈಲ್ವೆ ವರ್ಕ್‌ಶಾಪು ಇವತ್ತಿಗೂ ಮುಖ್ಯವಾಗಿ ಮಾಡುತ್ತಿರುವುದು ಇದನ್ನೇ.

ನನ್ನ ಕಸುಬು ಸರ್ವರ್‌ಗಳನ್ನು ನೋಡಿಕೊಳ್ಳುವುದು. ಆ ಬಣ್ಣದ ಸಾಲುಗಳು ಕಣ್ಣಿಗೆ ಬಿದ್ದಾಗಲೆಲ್ಲ, ನಮ್ಮ ಕಸುಬಿನವರು ಪ್ರಶ್ನೆಯೇ ಇಲ್ಲದೆ ಒಪ್ಪಿಕೊಂಡಿರುವ ಒಂದು ಮಾತು ಎಷ್ಟು ತಪ್ಪು ಎನ್ನುವುದು ನನಗೆ ಇನ್ನಷ್ಟು ಖಾತ್ರಿಯಾಗುತ್ತದೆ. ಆ ಮಾತು ಇದು: ರಾತ್ರಿಯ ಬ್ಯಾಕಪ್, ಹಳೆಯ ಲಾಗ್ ಅಳಿಸುವುದು, ಸರ್ಟಿಫಿಕೇಟ್ ನವೀಕರಣ, ತಿಂಗಳ ವರದಿ, ಹೀಗೆ ಮತ್ತೆ ಮತ್ತೆ ಆಗಬೇಕಾದ್ದನ್ನೆಲ್ಲ ಅನ್ಸಿಬಲ್ಲೋ ಪಪೆಟ್ಟೋ ಅಂಥದೊಂದು ಸಾಧನದಲ್ಲಿ ಒಮ್ಮೆ ಬರೆದಿಡಿ. ನೂರು ಸರ್ವರ್ ಇದ್ದರೆ ನೂರರಲ್ಲೂ ಅದು ಹೋಗಿ ಕೂರುತ್ತದೆ. ಆಮೇಲೆ ಅದರ ಚಿಂತೆ ಬಿಡಿ.

ಚಿಂತೆ ಬಿಟ್ಟು ನೋಡಿದವನು ನಾನು. ಹಿಂದೆ ನಾನಿದ್ದ ಒಂದು ಸಂಸ್ಥೆಯಲ್ಲಿ ರಾತ್ರಿ ಎರಡಕ್ಕೆ ಡೇಟಾಬೇಸಿನ ಬ್ಯಾಕಪ್ ಆಗಬೇಕಿತ್ತು; ಹೊತ್ತಿಗೆ ಸರಿಯಾಗಿ ಅದನ್ನು ಓಡಿಸುವುದು ಕ್ರಾನ್ ಎಂಬ ಪ್ರೋಗ್ರಾಮು. ಪ್ಲೇಬುಕ್ಕಿನಲ್ಲಿ, ಅಂದರೆ ಅನ್ಸಿಬಲ್ ಓದುವ ಸೂಚನೆಗಳ ಫೈಲಿನಲ್ಲಿ, ಆ ಕ್ರಾನ್ ಕೆಲಸಕ್ಕೆ ಕೊಟ್ಟಿದ್ದ ಹೆಸರು ಅಸ್ಪಷ್ಟವಾಗಿದೆ ಅನ್ನಿಸಿ, ಒಂದು ಮಧ್ಯಾಹ್ನ ಅದನ್ನು ತಿದ್ದಿದೆ. ಬದಲಿಸಿದ್ದು ಹೆಸರನ್ನು ಮಾತ್ರ. ಆದರೆ ಅನ್ಸಿಬಲ್ಲಿನ ಕ್ರಾನ್ ಮಾಡ್ಯೂಲು ತಾನು ಬರೆದ ಸಾಲನ್ನು ಗುರುತು ಹಿಡಿಯುವುದೇ ಆ ಹೆಸರಿನಿಂದ. ಕ್ರಾನ್ ಓದುವ ಪಟ್ಟಿಯಾದ ಕ್ರಾನ್‌ಟ್ಯಾಬಿನಲ್ಲಿ ತನ್ನ ಪ್ರತಿ ಸಾಲಿನ ಮೇಲೂ ಅದು ಒಂದು ಟಿಪ್ಪಣಿ ಬರೆದು ಹೆಸರನ್ನು ಇಟ್ಟಿರುತ್ತದೆ. ಹೆಸರು ಬದಲಾದರೆ ಅದರ ಲೆಕ್ಕಕ್ಕೆ ಇದು ಹೊಸ ಕೆಲಸ. ಹಳೆಯ ಸಾಲನ್ನು ತೆಗೆ ಎಂದು ಬಾಯಿಬಿಟ್ಟು ಹೇಳುವ ತನಕ ಅದು ಅಲ್ಲೇ ಇರುತ್ತದೆ. ಅಂದಿನಿಂದ ಒಂದೇ ಬ್ಯಾಕಪ್ಪು ಎರಡೆರಡು ಸಲ, ಒಂದೇ ನಿಮಿಷಕ್ಕೆ, ಒಂದೇ ಫೈಲಿನ ಮೇಲೆ ಬರೆಯತೊಡಗಿತು. ಫೈಲಿನ ಗಾತ್ರ ಎಂದಿನಷ್ಟೇ. ತಾರೀಖು ಸರಿ. ಒಳಗಿದ್ದದ್ದು ಮಾತ್ರ ಬಿಚ್ಚಲು ಬಾರದ ಕಲಸುಮೇಲೋಗರ. ಪ್ಲೇಬುಕ್ ಓಡಿಸಿದಾಗಲೆಲ್ಲ ಪರದೆಯ ಮೇಲೆ ಎಲ್ಲ ಸಾಲೂ ಹಸಿರು, ಅಂದರೆ ‘ಸರಿಯಿದೆ’. ತಿಂಗಳುಗಳ ನಂತರ ಯಾರದೋ ಅಳಿಸಿಹೋದ ದಾಖಲೆಯನ್ನು ರಿಸ್ಟೋರ್ ಮಾಡಲು ಕೂತಾಗಲೇ ಇದು ಗೊತ್ತಾದದ್ದು. ದಾಖಲೆ ಸಿಗಲಿಲ್ಲ.

ಆ ಹಸಿರು ಸುಳ್ಳು ಹೇಳಿತೇ? ಇಲ್ಲ. ಅದು ಹೇಳಿದ್ದನ್ನು ನಾನು ತಪ್ಪಾಗಿ ಓದಿದ್ದೆ. ಈ ಸಾಧನಗಳ ಹುಟ್ಟನ್ನು ನೋಡಿದರೆ ಇದು ತಿಳಿಯುತ್ತದೆ. ಓಸ್ಲೋ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಬರ್ಜೆಸ್ 1993ರಲ್ಲಿ ಸಿಎಫ್‌ಎಂಜಿನ್ ಬರೆದರು. 2005ರಲ್ಲಿ ಪಪೆಟ್, 2012ರಲ್ಲಿ ಅನ್ಸಿಬಲ್ ಬಂದವು. ಮೂರರ ಹಿಂದಿನ ಯೋಚನೆಯೂ ಹೆಚ್ಚುಕಮ್ಮಿ ಒಂದೇ: ಸರ್ವರ್ ಹೇಗಿರಬೇಕು ಎಂದು ನೀವು ಹೇಳಿ, ಅದು ಹಾಗಿದೆಯೋ ಇಲ್ಲವೋ ನಾವು ನೋಡುತ್ತೇವೆ, ಇಲ್ಲದಿದ್ದರೆ ಹಾಗೆ ಮಾಡುತ್ತೇವೆ. ಇಂಥ ಪ್ಯಾಕೇಜು ಇರಬೇಕು, ಇಂಥ ಫೈಲಿನಲ್ಲಿ ಇಂಥ ಸಾಲು ಇರಬೇಕು. ಎಲ್ಲವೂ ‘ಇರುವ’ ಸಂಗತಿಗಳು. ಬ್ಯಾಕಪ್ ಇರುವ ಸಂಗತಿಯಲ್ಲ, ‘ಆಗುವ’ ಸಂಗತಿ. ಅದು ರಾತ್ರಿ ಎರಡಕ್ಕೆ ಆಗುತ್ತದೆ, ಇಲ್ಲವೇ ಆಗುವುದಿಲ್ಲ. ಸಾಧನದ ಕೈಗೆ ಸಿಗುವುದು ‘ಎರಡಕ್ಕೆ ಆಗಲಿ’ ಎಂಬ ಬರಹ ಮಾತ್ರ, ಅದು ಭರವಸೆ ಕೊಡುವುದೂ ಆ ಬರಹದ ಬಗ್ಗೆ ಮಾತ್ರ. ಪಂಚಾಂಗದಲ್ಲಿ ಮಳೆ ಬರೆದಿದೆ ಎಂದು ಕೆರೆ ತುಂಬುವುದಿಲ್ಲ ಎನ್ನುವುದು ನಮ್ಮ ರೈತರಿಗೆ ಗೊತ್ತು. ಸರ್ವರ್ ನೋಡಿಕೊಳ್ಳುವ ನಾವು ಮಾತ್ರ ಪಂಚಾಂಗದ ಪುಟ ಹರಿಯದೆ ನೆಟ್ಟಗಿದೆಯೇ ಎಂದು ದಿನವೂ ನೋಡಿ ನೆಮ್ಮದಿಯಾಗಿ ಮಲಗುತ್ತಿದ್ದೇವೆ.

ನಮ್ಮ ಬೀದಿಯಲ್ಲಿ ವರ್ಕ್‌ಶಾಪಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಈ ಕಥೆ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು: “ಅಲ್ಲ ಕಣಪ್ಪ, ಮಾಡು ಅಂತ ಬರೆದಿದ್ದೀಯ, ಸರಿ. ಆಯ್ತು ಅಂತ ಬರೆಯೋರು ಯಾರು?”

ಬೋಗಿಯ ಮೇಲೆ ತಾರೀಖು ಬರೆಯುವುದು ಕೆಲಸ ಮುಗಿದ ಮೇಲೆ. ಮಾಡಿದವರ ಗುರುತಿನ ಜೊತೆ, ಮಾಡಿಸಿಕೊಂಡ ವಸ್ತುವಿನ ಮೈಮೇಲೆಯೇ. ಆಫೀಸಿನ ರಿಜಿಸ್ಟರು ಕಳೆದರೂ, ಕಂಪ್ಯೂಟರ್ ಕೆಟ್ಟರೂ, ಯಾವುದೋ ದೂರದ ಸ್ಟೇಷನ್ನಿನಲ್ಲಿ ಯಾರೋ ಅದನ್ನು ಓದಿ ‘ಇದರ ದಿನ ಮುಗಿದಿದೆ’ ಎಂದು ಹೇಳಬಹುದು. ರೈಲು ಹೊರಡುವ ಹೊತ್ತಿಗೂ ಇದೇ ರೀತಿ. ಟೈಮ್‌ಟೇಬಲ್ಲಿನಲ್ಲಿ ಇದೆ ಎಂದಷ್ಟಕ್ಕೆ ಗಾಡಿ ಬಿಡುವುದಿಲ್ಲ. ಬ್ರೇಕ್ ಪರೀಕ್ಷಿಸಿ ಕೊಟ್ಟ ಬ್ರೇಕ್ ಪವರ್ ಸರ್ಟಿಫಿಕೇಟ್ ಲೋಕೊ ಪೈಲಟ್ಟಿನ ಕೈಯಲ್ಲಿ ಇರಬೇಕು. ಏನು ಯಾವಾಗ ಮಾಡಬೇಕು ಎನ್ನುವುದು ಒಂದು ಕಾಗದ, ಮಾಡಿದ್ದಾಯಿತು ಎನ್ನುವುದು ಇನ್ನೊಂದು. ನಮ್ಮ ಕಸುಬಿನಲ್ಲಿ ಮೊದಲನೆಯದನ್ನು ಬರೆಯಲು ಹತ್ತು ಸಾಧನಗಳಿವೆ. ಎರಡನೆಯದಕ್ಕೆ ಬಹಳ ಕಡೆ ಏನೂ ಇಲ್ಲ.

ಈ ಸಾಧನಗಳು ಬೇಡ ಎಂದು ನಾನು ಹೇಳುತ್ತಿಲ್ಲ. ಅವು ಬರುವ ಮುಂಚಿನ ದಿನಗಳನ್ನೂ ಕಂಡಿದ್ದೇನೆ. ಯಾವ ಸರ್ವರ್‌ನಲ್ಲಿ ಯಾವ ಕ್ರಾನ್ ಓಡುತ್ತದೆ ಎನ್ನುವುದು ಒಬ್ಬರ ತಲೆಯಲ್ಲಿ ಮಾತ್ರ ಇರುತ್ತಿತ್ತು. ಅವರು ಕೆಲಸ ಬಿಟ್ಟರೆ ಅದೂ ಅವರ ಜೊತೆ ಹೋಗುತ್ತಿತ್ತು. ಕ್ರಾನ್‌ಟ್ಯಾಬನ್ನು ತಿದ್ದಲು ಒತ್ತುವ ಅಕ್ಷರ ‘ಇ’, ಇಡೀ ಪಟ್ಟಿಯನ್ನು ಅಳಿಸಲು ಒತ್ತುವುದು ‘ಆರ್’. ಕೀಲಿಮಣೆಯಲ್ಲಿ ಎರಡೂ ಅಕ್ಕಪಕ್ಕ, ಅಳಿಸುವ ಮುನ್ನ ‘ಹೌದೇ?’ ಎಂದು ತಾನಾಗಿ ಕೇಳುವ ಪದ್ಧತಿಯೂ ಸಾಮಾನ್ಯವಾಗಿ ಅದಕ್ಕಿಲ್ಲ. ಬೆರಳು ಒಂದು ಅಂಗುಲ ಜಾರಿ ವರ್ಷಗಳ ಪಟ್ಟಿ ಕಳೆದುಕೊಂಡವರು ಪ್ಲೇಬುಕ್ಕನ್ನು ಕಣ್ಣಿಗೊತ್ತಿಕೊಂಡರೆ ತಪ್ಪೇನಿಲ್ಲ. ನೂರು ಸರ್ವರ್‌ಗಳೂ ಸರಿಯಾಗಿ ಮಧ್ಯರಾತ್ರಿಗೆ ಒಟ್ಟಿಗೆ ಎದ್ದು ಒಂದೇ ಡಿಸ್ಕಿನ ಮೇಲೆ ಬೀಳದ ಹಾಗೆ, ಒಂದೊಂದಕ್ಕೆ ಒಂದೊಂದು ನಿಮಿಷ ಹಂಚಿಕೊಡುವುದನ್ನು ಈ ಸಾಧನಗಳು ಚೆನ್ನಾಗಿ ಮಾಡುತ್ತವೆ. ಪಟ್ಟಿ ಕಾಯುವುದು ಅವುಗಳ ಕೆಲಸ, ಅದನ್ನು ಅವು ಮಾಡಿವೆ. ಅಷ್ಟಕ್ಕೇ ಎಲ್ಲ ಮುಗಿಯಿತು ಎನ್ನುವ ನಂಬಿಕೆಯ ಮೇಲೆ ನನ್ನ ತಕರಾರು.

ಈ ನಂಬಿಕೆ ಎಷ್ಟು ದುಬಾರಿ ಎನ್ನಲು ಗಿಟ್‌ಲ್ಯಾಬ್ ಕಂಪನಿಗೆ 2017ರ ಜನವರಿ 31ರಂದು ಆದದ್ದನ್ನು ನೆನೆಯಬೇಕು. ಒಬ್ಬ ಎಂಜಿನಿಯರ್ ತಪ್ಪಿ ಮುಖ್ಯ ಡೇಟಾಬೇಸಿನ ಕಡತಗಳನ್ನೇ ಅಳಿಸಿದರು. ತಪ್ಪು ಯಾರಿಂದಲಾದರೂ ಆಗುತ್ತದೆ, ಅದಕ್ಕೇ ಬ್ಯಾಕಪ್ ಇರುವುದು. ಹೋಗಿ ನೋಡಿದರೆ ದಿನವೂ ಆಗಬೇಕಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ 9.6ನೇ ಆವೃತ್ತಿಯದು, ಬ್ಯಾಕಪ್ ತೆಗೆಯುತ್ತಿದ್ದ ಪ್ರೋಗ್ರಾಮು 9.2ರದು. ಹಾಗಾಗಿ ಅದು ಪ್ರತಿ ಸಲವೂ ಸೋಲುತ್ತಿತ್ತು. ಸೋತಾಗ ಕ್ರಾನ್ ಮೇಲ್ ಕಳಿಸಬೇಕಲ್ಲವೇ? ಕಳಿಸುತ್ತಿತ್ತು. ಆದರೆ ಆ ಮೇಲ್‌ಗಳಿಗೆ ಅಸಲಿತನದ ದೃಢೀಕರಣ ಇರಲಿಲ್ಲವೆಂದು ಮೇಲ್ ಸರ್ವರ್ ಅವನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಆ ದಿನ ಯಾರೋ ಬೇರೆ ಕಾರಣಕ್ಕೆ ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ ಅವರನ್ನು ಕಾಪಾಡಿತು. ಆ ಆರು ಗಂಟೆಗಳ ಕೆಲಸ ಮಾತ್ರ ಹೋಯಿತು. ನಡೆದದ್ದನ್ನು ಆ ಕಂಪನಿ ಮುಚ್ಚಿಡದೆ ಬರೆದು ಹೊರಗಿಟ್ಟಿತು, ಅದಕ್ಕೆ ನಾವೆಲ್ಲ ಋಣಿಗಳು. ಅಲ್ಲಿ ವೇಳಾಪಟ್ಟಿಯಲ್ಲಿ ಯಾವ ದೋಷವೂ ಇರಲಿಲ್ಲ ಎನ್ನುವುದನ್ನು ಗಮನಿಸಿ.

ಇಲ್ಲಿ ಕೆಲವರು ಬೇರೆ ಮಾತು ತೆಗೆಯುತ್ತಾರೆ: ಕ್ರಾನ್ ಹಳೆಯದಾಯಿತು, ಅದರದೇ ತಪ್ಪು, ಸಿಸ್ಟಮ್‌ಡಿ ಟೈಮರ್ ಬಳಸಿ, ಇಲ್ಲವೇ ಕುಬರ್ನೆಟಿಸ್‌ಗೆ ಹೋಗಿ. ಟೈಮರ್‌ನಿಂದ ಅನುಕೂಲ ಇದೆ, ಒಪ್ಪುತ್ತೇನೆ. ಮಷೀನು ಆರಿದ್ದಾಗ ತಪ್ಪಿಹೋದ ಕೆಲಸವನ್ನು ಅದು ಎದ್ದ ಮೇಲೆ ಮಾಡಿಸಬಲ್ಲದು. ಕುಬರ್ನೆಟಿಸ್ಸಿನ ಕೈಪಿಡಿಯಂತೂ, ಕೆಲವು ಸನ್ನಿವೇಶಗಳಲ್ಲಿ ಒಂದೇ ಕೆಲಸ ಎರಡು ಸಲ ಆಗಬಹುದು, ಆಗದೆಯೂ ಹೋಗಬಹುದು ಎಂದು ತಾನೇ ಪ್ರಾಮಾಣಿಕವಾಗಿ ಬರೆದುಕೊಂಡಿದೆ. ಗಡಿಯಾರ ಬದಲಿಸಿದರೆ ನಮ್ಮ ಬೀದಿಯ ಹಿರಿಯರ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಗಡಿಯಾರದ ಮಾತು ಬಂದದ್ದಕ್ಕೆ ನಮ್ಮ ದೇಶದ್ದೇ ಒಂದು ತೊಡಕು ಹೇಳಬೇಕು. ಬೇಸಿಗೆ ಬಂತೆಂದು ಗಡಿಯಾರ ಮುಂದೆ ತಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ, ಹಾಗಾಗಿ ಕಾಲವಲಯದ ತಲೆನೋವು ನಮಗಿಲ್ಲ ಎಂದು ಅನೇಕರು ತಿಳಿದಿದ್ದಾರೆ. ಆದರೆ ಸರ್ವರ್‌ಗಳು ಬಹುಪಾಲು ನಮ್ಮ ಗಡಿಯಾರಕ್ಕಿಂತ ಹಿಂದಿರುವ ಯುಟಿಸಿ ಎಂಬ ಕಾಲದಲ್ಲಿ ಓಡುತ್ತವೆ. ಸಂಬಳದ ಲೆಕ್ಕ ಶುರುವಾಗಬೇಕಾದ್ದು ತಿಂಗಳ ಒಂದನೇ ತಾರೀಖು ಬೆಳಗಿನ ಜಾವ ಎರಡು ಗಂಟೆಗೆ ಎನ್ನಿ; ಅದು ಸರ್ವರ್‌ನ ಗಡಿಯಾರದಲ್ಲಿ ಹಿಂದಿನ ತಿಂಗಳ ಕೊನೆಯ ದಿನ ರಾತ್ರಿ ಎಂಟೂವರೆ. ‘ತಿಂಗಳ ಕೊನೆಯ ದಿನ’ ಎಂದು ಹೇಳಲು ಸಾಮಾನ್ಯ ಕ್ರಾನ್‌ನಲ್ಲಿ ನೇರ ದಾರಿಯೇ ಇಲ್ಲ, ಅದು 28 ಇರಬಹುದು, 31 ಇರಬಹುದು. ಒಂದನೇ ತಾರೀಖು ಎರಡು ಗಂಟೆ ಎಂದು ಹಾಗೇ ಬರೆದರೆ ಸಂಬಳದ ಲೆಕ್ಕ ನಮ್ಮ ಬೆಳಿಗ್ಗೆ ಏಳೂವರೆಗೆ ಶುರುವಾಗುತ್ತದೆ, ಜನ ಕೆಲಸಕ್ಕೆ ಕೂರುವ ಹೊತ್ತಿಗೆ ಸರ್ವರ್ ಏದುಸಿರು ಬಿಡುತ್ತಿರುತ್ತದೆ. ಈ ತಪ್ಪನ್ನೂ ಪ್ಲೇಬುಕ್ಕು ನೂರು ಸರ್ವರ್‌ಗಳಿಗೆ ಒಂದೇ ಉಸಿರಿಗೆ ಹಂಚುತ್ತದೆ, ನೂರು ಹಸಿರು ಸಾಲು ತೋರಿಸುತ್ತದೆ.

ಕ್ಯಾಲೆಂಡರೇ ಎಲ್ಲದಕ್ಕೂ ಅಳತೆ ಎನ್ನುವುದನ್ನೂ ರೈಲ್ವೆಯವರು ಒಪ್ಪಲಿಲ್ಲ. ಐಸಿಎಫ್ ಎಂಬ ಹಳೆಯ ಮಾದರಿಯ ಬೋಗಿಗಳ ಕಾಲದಲ್ಲಿ ಪಿಒಎಚ್‌ಗೆ ಇಂತಿಷ್ಟು ತಿಂಗಳು ಎಂದಿತ್ತು. ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ ಬೋಗಿಗಳು ಬಂದಾಗ ಕೈಪಿಡಿಯಲ್ಲಿ ಮೊದಲ ಹಂತದ ವರ್ಕ್‌ಶಾಪ್ ಕೆಲಸಕ್ಕೆ 18 ತಿಂಗಳು ಇಲ್ಲವೇ 6 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು ಎಂದು ಬರೆದರು. ಗಾಲಿ ಸವೆಯುವುದು ದಿನ ಕಳೆದದ್ದಕ್ಕಲ್ಲ, ಓಡಿದ್ದಕ್ಕೆ. ನಾವೋ ಲಾಗ್ ಅಳಿಸುವ ಕೆಲಸವನ್ನು ಇಂದಿಗೂ ವಾರಕ್ಕೊಮ್ಮೆ ಎಂದು ಬರೆಯುತ್ತೇವೆ, ಮಂಗಳವಾರವೇ ಡಿಸ್ಕ್ ತುಂಬಿದರೂ ಕ್ರಾನ್ ಭಾನುವಾರಕ್ಕೆ ಕಾಯುತ್ತದೆ.

ಹಾಗಾದರೆ ಏನು ಮಾಡಬೇಕು ಎಂದು ಕೇಳುವವರಿಗೆ ನಾನೀಗ ಮಾಡುತ್ತಿರುವುದನ್ನು ಹೇಳುತ್ತೇನೆ. ಅದಕ್ಕೂ ಮಾದರಿ ರೈಲಿನದೇ. ರೈಲಿನ ಎಂಜಿನ್ನಿನಲ್ಲಿ ವಿಜಿಲೆನ್ಸ್ ಕಂಟ್ರೋಲ್ ಡಿವೈಸ್ ಎಂದು ಒಂದಿದೆ. ಲೋಕೊ ಪೈಲಟ್ ಸುಮಾರು ಒಂದು ನಿಮಿಷ ಯಾವ ಹಿಡಿಕೆಯನ್ನೂ ಮುಟ್ಟದಿದ್ದರೆ ದೀಪ ಮಿನುಗುತ್ತದೆ, ಆಮೇಲೆ ಸದ್ದು, ಅದಕ್ಕೂ ಓಗೊಡದಿದ್ದರೆ ಬ್ರೇಕ್ ತಾನೇ ಬೀಳುತ್ತದೆ. ‘ನನಗೆ ತೊಂದರೆಯಾಗಿದೆ’ ಎಂದು ಪೈಲಟ್ ಹೇಳಲಿ ಎಂದು ಅದು ಕಾಯುವುದಿಲ್ಲ, ಯಾಕೆಂದರೆ ನಿಜವಾಗಿ ತೊಂದರೆಯಾದವನು ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಅದಕ್ಕೆ ಮೌನವೇ ದೂರು. ಗಿಟ್‌ಲ್ಯಾಬಿನ ಕ್ರಾನ್ ಸೋತಾಗ ಕೂಗಬೇಕಿತ್ತು, ಕೂಗು ಕೇಳಿಸಲಿಲ್ಲ. ಗೆದ್ದಾಗ ‘ಆಯಿತು’ ಎನ್ನಬೇಕು, ಆ ಮಾತು ಬರದಿದ್ದರೆ ನಾವು ಎದ್ದು ನೋಡಬೇಕು ಎಂದಿದ್ದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು.

ಈಗ ನನ್ನ ಪ್ರತಿಯೊಂದು ಕ್ರಾನ್ ಕೆಲಸವೂ ಪೂರ್ತಿ ಮುಗಿದ ಮೇಲೆ, ತಾನು ಮಾಡಿದ ವಸ್ತುವಿನ ಪಕ್ಕದಲ್ಲೇ ಒಂದು ಸಣ್ಣ ಫೈಲು ಬರೆಯುತ್ತದೆ: ಆದ ದಿನ, ಮಾಡಿದ ಸರ್ವರ್, ಮತ್ತೆ ಆಗಬೇಕಾದ ದಿನ. ಬ್ಯಾಕಪ್ಪಾದರೆ ಅದನ್ನು ಇನ್ನೊಂದು ಮಷೀನಿನಲ್ಲಿ ಬಿಚ್ಚಿ, ಕೋಷ್ಟಕಗಳ ಸಾಲು ಎಣಿಸಿದ ಮೇಲಷ್ಟೇ ಆ ಫೈಲು ಹುಟ್ಟುತ್ತದೆ. ಬೇರೊಂದು ಊರಿನಲ್ಲಿರುವ ಸರ್ವರ್ ಈ ತಾರೀಖುಗಳನ್ನು ಓದಿ, ದಿನ ಮೀರಿದ್ದರೆ ನನ್ನ ಫೋನಿಗೆ ಕರೆ ಮಾಡುತ್ತದೆ. ಆ ಸರ್ವರ್ ಮೇಲೆ ಕಣ್ಣಿಡುವುದು ಯಾರು? ಅದೂ ದಿನಕ್ಕೊಮ್ಮೆ ನನಗೆ ‘ಇದ್ದೇನೆ’ ಎಂದು ಸಂದೇಶ ಕಳಿಸಬೇಕು. ಬೆಳಿಗ್ಗೆ ಏಳಕ್ಕೆ ಅದು ಬರದಿದ್ದರೆ ನಾನು ಹಾಲು ತರಲು ಹೋಗುವ ಮುನ್ನ ಲ್ಯಾಪ್‌ಟಾಪ್ ತೆರೆಯುತ್ತೇನೆ. ಅಲ್ಲಿಗೆ ಸಾಧನದ ಸರಪಳಿ ಮುಗಿದು ಒಬ್ಬ ಮನುಷ್ಯ ಬಂದ. ಅವನಿಲ್ಲದೆ ನಡೆಯುತ್ತದೆ ಎಂದು ನನಗೆ ಹೇಳಿಕೊಟ್ಟಿದ್ದರು. ಕಳೆದ ತಿಂಗಳು ಎರಡು ಸಲ ಹಾಗೆ ಎದ್ದು ನೋಡಬೇಕಾಯಿತು. ಒಂದು ಸಲ ನೆಟ್‌ವರ್ಕ್ ಹೋಗಿ ಆ ಸಂದೇಶ ಬಂದಿರಲಿಲ್ಲ. ಇನ್ನೊಂದು ಸಲ ಫೋನಿಗೆ ಕರೆಯೇ ಬಂತು: ಡಿಸ್ಕ್ ತುಂಬಿ ಬ್ಯಾಕಪ್ ಅರ್ಧಕ್ಕೆ ನಿಂತಿತ್ತು, ಪ್ಲೇಬುಕ್ಕಿನ ಸಾಲುಗಳೆಲ್ಲ ಅಂದೂ ಹಸಿರಾಗಿದ್ದವು.