ಆಟವೂ ಆಡುಮಾತೂ

ಕನ್ನಡದಲ್ಲಿ ‘ಆಡು’ ಎಂಬ ಒಂದೇ ಧಾತುವು ಆಟಕ್ಕೂ ಮಾತಿಗೂ ಸಲ್ಲುವುದು. ಪಗಡೆಯಾಡುವವನೂ ಮಾತಾಡುವವನೂ ಒಂದೇ ಕ್ರಿಯಾಪದದ ಆಶ್ರಿತರು. ಸಂಸ್ಕೃತದ ದಿವ್ ಧಾತುವಿಗೆ ಕ್ರೀಡೆ, ವ್ಯವಹಾರ, ಸ್ತುತಿ ಮೊದಲಾದ ಅರ್ಥಗಳನ್ನು ಧಾತುಪಾಠವು ಹೇಳಿದೆಯಾದರೂ ಸಾಮಾನ್ಯವಾದ ಸಂಭಾಷಣೆಯು ಅವುಗಳಲ್ಲಿ ಸೇರಿಲ್ಲ. ಆಟವಿದ್ದೆಡೆ ಮಾತೂ ಇರತಕ್ಕದ್ದೆಂಬುದನ್ನು ಕನ್ನಡಿಗರು ತಮ್ಮ ನುಡಿಯಲ್ಲಿಯೇ ಬರೆದಿಟ್ಟುಕೊಂಡಿರುವರು.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ತರುಣರು ಮೊಬೈಲಿನ ಆಟಗಳನ್ನು ಕುರಿತು ಆಡುವ ಮಾತು ಕನ್ನಡವೇ ಅಲ್ಲವೆಂದು ಹಿರಿಯರ ಆಕ್ಷೇಪಣೆಯುಂಟು. ಈ ಆಕ್ಷೇಪಣೆಯು ವಿಚಾರಿಸಿ ಮಾಡಿದುದಲ್ಲ. ‘ನೆಟ್ಟು ಕೈಕೊಡ್ತು ಕಣ್ಲಾ’ ಎಂದು ಹನೂರಿನ ಹುಡುಗನೊಬ್ಬನು ಹಲುಬಿದರೆ, ಆ ವಾಕ್ಯದಲ್ಲಿ ಪರಭಾಷೆಯ ಶಬ್ದವು ಒಂದೇ. ವಿಭಕ್ತಿ, ಕ್ರಿಯೆ, ಸಂಬೋಧನೆಗಳೆಲ್ಲವೂ ಅಚ್ಚಗನ್ನಡವಾಗಿವೆ. ಯಂತ್ರದ ದೋಷವನ್ನು ನಂಬಿದ ಮನುಷ್ಯನ ದ್ರೋಹದಂತೆ ಹೇಳುವ ‘ಕೈಕೊಡು’ ಎಂಬ ಮಾತನ್ನು ಆತನಿಗೆ ಯಾವ ಶಾಲೆಯೂ ಕಲಿಸಿದುದಲ್ಲ. ಪಂಡಿತರು ಅಚ್ಚುಮಾಡಿಸಿದ ಪಾರಿಭಾಷಿಕ ಪದಕೋಶಗಳಲ್ಲಿ ಇಷ್ಟು ಜೀವವುಳ್ಳ ಪ್ರಯೋಗಗಳು ಎಷ್ಟಿವೆಯೋ ಅವರೇ ಹೇಳಬೇಕು.

ಜೂಜುಗಾರರ ಮಾತಿಗೆ ಕಾವ್ಯದಲ್ಲಿ ಸ್ಥಾನವಿಲ್ಲವೆನ್ನುವವರು ಶೂದ್ರಕನ ಮೃಚ್ಛಕಟಿಕದ ಎರಡನೆಯ ಅಂಕವನ್ನು ಮತ್ತೊಮ್ಮೆ ನೋಡಬೇಕು. ಹತ್ತು ಸುವರ್ಣಗಳನ್ನು ಸೋತ ಸಂವಾಹಕನು ಹಿಮ್ಮುಖನಾಗಿ ಹೆಜ್ಜೆಯಿಡುತ್ತ ಪಾಳುಗುಡಿಯೊಂದನ್ನು ಹೊಕ್ಕು ದೇವರ ಮೂರ್ತಿಯಂತೆ ನಿಂತುಬಿಡುವನು. ಸಾಲಕ್ಕಾಗಿ ಬೆನ್ನಟ್ಟಿದ ಮಾಥುರನೂ ಅವನ ಸಂಗಡಿಗನೂ ಅಲ್ಲಿಗೆ ಬಂದು, ಆ ಮೂರ್ತಿಯ ಮುಂದೆಯೇ ದಾಳವನ್ನು ಉರುಳಿಸುವರು. ದಾಳದ ಸದ್ದು ಕೇಳಿದೊಡನೆ ಕಲ್ಲಾಗಿದ್ದವನು ತಡೆಯಲಾರದೆ, ಈಗಿನ ಸರದಿ ತನ್ನದೆಂದು ಬಾಯಿಬಿಡುವನು. ವ್ಯಸನದ ಬಲವನ್ನು ತಿಳಿಸುವುದಕ್ಕೆ ಇದಕ್ಕಿಂತ ಹೆಚ್ಚಿನ ಉಪದೇಶವು ಬೇಕೆ? ಕವಿಯು ಇಲ್ಲಿ ಯಾರನ್ನೂ ಖಂಡಿಸಿಲ್ಲ; ಕಿವಿಗೊಟ್ಟು ಕೇಳಿರುವನು. ಆ ಜೂಜುಗಾರರಿಗೆ ಅವನು ಕೊಟ್ಟ ಪ್ರಾಕೃತವು ಸಹ ಬೇರೆಯೇ. ವ್ಯಾಖ್ಯಾನಕಾರನಾದ ಪೃಥ್ವೀಧರನು ಅದನ್ನು ಢಕ್ಕೀ ಎಂದು ಕರೆದಿರುವನು. ಶಿಷ್ಟಭಾಷೆಯಲ್ಲಿ ಅವರನ್ನು ಮಾತಾಡಿಸಿದ್ದರೆ ಆ ಅಂಕವು ಸತ್ತೇಹೋಗುತ್ತಿದ್ದಿತು.

ಕನ್ನಡದಲ್ಲಿ ದ್ಯೂತವೆಂದೊಡನೆ ಭಾರತದ ಸಭಾಪರ್ವವೇ ನೆನಪಿಗೆ ಬರುವುದು. ಅಲ್ಲಿ ಆಟವು ರಾಜ್ಯನಾಶಕ್ಕೆ ನಿಮಿತ್ತಮಾತ್ರ. ಪಂಪನು ಮಾತ್ರ ಭಾನುಮತಿಯ ನೆತ್ತದ ಪ್ರಸಂಗದಲ್ಲಿ ಒಂದು ಮನೆಯಾಟದ ಸಣ್ಣ ಜಗಳದಿಂದ ದುರ್ಯೋಧನ-ಕರ್ಣರ ಸ್ನೇಹವನ್ನು ಬೆಳಗಿದನು. ಅಲ್ಲಿ ಸೋತವರು ಯಾರೆಂದು ವಿದ್ವಾಂಸರು ವಾದಿಸಿದ್ದು ಸಾಕಷ್ಟಾಯಿತು. ಆಟದ ಸಲಿಗೆಯೇ ಪದ್ಯದ ಪ್ರಾಣವೆಂಬುದನ್ನು ಹೇಳಿದವರು ಕಡಮೆ.

ದಿನದ ಮಾತು ಕಾವ್ಯಕ್ಕೆ ಸಲ್ಲದೆಂಬ ಭ್ರಮೆಗೆ ಯಳಂದೂರೇ ಉತ್ತರ ಹೇಳಬಲ್ಲುದು. ಈ ಸೀಮೆಯ ಸಂಬಂಧವುಳ್ಳ ಷಡಕ್ಷರದೇವನು ಹದಿನೇಳನೆಯ ಶತಮಾನದಲ್ಲಿ ರಾಜಶೇಖರವಿಳಾಸವನ್ನು ಪ್ರೌಢವಾದ ಚಂಪುವಿನಲ್ಲಿ ರಚಿಸಿದನು. ಅದೇ ಶತಮಾನದ ಕೊನೆಯ ಹೊತ್ತಿಗೆ, ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಯಳಂದೂರಿನ ಹೊನ್ನಮ್ಮನು ಹದಿಬದೆಯ ಧರ್ಮವನ್ನು ಸಾಂಗತ್ಯದಲ್ಲಿ ಹಾಡಿದಳು. ವಿಷಯವು ಧರ್ಮೋಪದೇಶವಾದರೂ, ಹೆಣ್ಣೆಂದು ಹೀಗಳೆಯುವವರನ್ನು ಆಕೆ ತರಾಟೆಗೆ ತೆಗೆದುಕೊಳ್ಳುವ ಎಡೆಯಲ್ಲಿ ನಡುಮನೆಯ ಮಾತಿನ ಬಿಸಿ ತಟ್ಟುವುದು. ಇಂದು ಜನರ ನಾಲಿಗೆಯ ಮೇಲಿರುವುದು ಯಾರ ಪದ್ಯವೆಂದು ಬೇರೆ ಹೇಳಬೇಕಾಗಿಲ್ಲ.

ಹಳೆಯ ಆಟಗಳ ನುಡಿಯನ್ನು ನೋಡಿದರೆ ಇನ್ನೊಂದು ಅಂಶವು ಸ್ಪಷ್ಟವಾಗುವುದು. ಚೌಕಾಬಾರದಲ್ಲಿ ಇಪ್ಪತ್ತೈದು ಮನೆಗಳು, ನಾಲ್ಕು ಕವಡೆಗಳು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ. ಸುತ್ತು ಮುಗಿಸಿ ನಡುಮನೆಯನ್ನು ಸೇರಿದ ಕಾಯಿಯು ‘ಹಣ್ಣಾಯಿತು’ ಎನ್ನುವರು. ಕಾಯಿ ಎಂಬ ಶಬ್ದದ ಶ್ಲೇಷವನ್ನು ಹಣ್ಣಿನವರೆಗೂ ನಡೆಸಿದ ಅಜ್ಜಿಯರಿಗೆ ಯಾವ ಅಲಂಕಾರಶಾಸ್ತ್ರವೂ ಬೇಕಾಗಿರಲಿಲ್ಲ. ಜಗಲಿಯಲ್ಲಿ ನಾಲ್ವರು ಆಡಿದರೆ ಎಂಟು ಮಂದಿ ನೋಡುವರು. ಸೋತವನನ್ನು ಹಾಸ್ಯಮಾಡುವರು, ಮಳೆ, ಮದುವೆ, ಗೂಡಿನ ಬೆಲೆ ಎಲ್ಲವೂ ಆ ನಡುವೆ ಬಂದುಹೋಗುವುವು.

ಮೊಬೈಲಿನಲ್ಲಿ ಕೂಡಿ ಆಡುವ ಹುಡುಗರಲ್ಲಿ ಈ ಗದ್ದಲವು ಇನ್ನೂ ಉಳಿದಿದೆ. ಅವರ ಮಾತಿಗೆ ಅಂಜಬೇಕಾದುದಿಲ್ಲ. ಅಂಜಬೇಕಾದುದು ಹಣವನ್ನೊಡ್ಡಿ ಒಬ್ಬೊಂಟಿಯಾಗಿ ಆಡುವವನ ಮೌನಕ್ಕೆ. ಅವನ ಪಕ್ಕದಲ್ಲಿ ನೋಡುವವರಿಲ್ಲ, ನಗುವವರಿಲ್ಲ, ಸಾಕು ಏಳೆನ್ನುವವರಿಲ್ಲ. ಸಾಲಗಾರನು ಬಾಗಿಲಿಗೆ ಬಂದ ದಿನವೇ ಮನೆಯವರಿಗೆ ಸಂಗತಿ ತಿಳಿಯುವುದು. ಪಣದ ಆನ್‌ಲೈನ್ ಆಟಗಳನ್ನು ಕರ್ನಾಟಕವು 2021ರಲ್ಲಿ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯವು ಆ ವಿಧಿಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟೇ ಇಡೀ ದೇಶಕ್ಕೆ ನಿಷೇಧದ ಕಾನೂನನ್ನು ಮಾಡಿತು. ಕಾನೂನು ಪಣವನ್ನು ತಡೆಯಬಹುದು. ಆದರೆ ಸೋತವನ ಬಾಯನ್ನು ಬಿಡಿಸುವುದು ಅದರ ಕೆಲಸವಲ್ಲ. ಶೂದ್ರಕನ ಸಂವಾಹಕನು ವಸಂತಸೇನೆಯ ಮುಂದೆ ತನ್ನ ಸೋಲನ್ನು ಹೇಳಿಕೊಂಡ ಮೇಲೆಯೇ ಆಕೆ ಬಳೆಯನ್ನು ಕೊಟ್ಟು ಅವನ ಸಾಲವನ್ನು ತೀರಿಸಿದುದು.

ಈ ಸೀಮೆಯ ಕಥೆಗಾರರು ಇಂಥ ತರುಣನನ್ನು ಚಿತ್ರಿಸಹೊರಟರೆ, ಮೊದಲು ಅವನ ಬಾಯಿಂದ ಪುಸ್ತಕದ ಕನ್ನಡವನ್ನು ತೆಗೆಯಬೇಕು. ಕೊನೆಯ ಪುಟದಲ್ಲಿ ಪಶ್ಚಾತ್ತಾಪದ ಭಾಷಣವನ್ನೂ ಮಾಡಿಸಬಾರದು. ಕೊಳ್ಳೇಗಾಲದ ಮಗ್ಗದ ಮನೆಯೊಂದರಲ್ಲಿ ತಂದೆಯು ಲಾಳಿಯನ್ನು ನಿಲ್ಲಿಸಿ, ಎಷ್ಟು ಹೋಯಿತೆಂದು ಮಗನನ್ನು ಕೇಳುವ ಒಂದು ಪುಟವನ್ನು ಸರಿಯಾಗಿ ಬರೆದರೆ ಸಾಕು.